ಐರೈಟಿಸ್‌ಗೆ ಸ್ಟೆರಾಯ್ಡ್ ಡ್ರಾಪ್ಸ್: ಕೆಂಪು ಹೋಗಿದೆ, ಈಗ ನಿಲ್ಲಿಸಬಹುದಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳ ಹಿಂದೆ ಎಡಗಣ್ಣು ಕೆಂಪಾಯಿತು. ಕಣ್ಣು ಬಂದಿರಬೇಕು ಅಂದುಕೊಂಡು ಎರಡು ದಿನ ಸುಮ್ನೆ ಇದ್ದೆ. ಆದರೆ ಗೀಜು ಇರಲಿಲ್ಲ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತಿರಲಿಲ್ಲ. ಕಣ್ಣಿನ ಆಳದಲ್ಲೆಲ್ಲೋ ಮಂದವಾಗಿ ನೋಯುತ್ತಿತ್ತು. ಬೆಳಕು ತಡೆಯಲು ಆಗುತ್ತಿರಲಿಲ್ಲ. ಬಲಗಣ್ಣಿಗೆ ಟಾರ್ಚ್ ಬಿಟ್ಟರೂ ಎಡಗಣ್ಣು ನೋಯುತ್ತಿತ್ತು. ಮೂರನೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ಐರೈಟಿಸ್ ಅಂದರು. ಕಣ್ಣಿನ ಮುಂಭಾಗದ ಯೂವಿಯೈಟಿಸ್ ಅಂತೆ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪದರದ ಉರಿಯೂತ.

ಪ್ರೆಡ್ನಿಸೊಲೋನ್ ಅಸಿಟೇಟ್ 1% ಡ್ರಾಪ್ಸ್ ಕೊಟ್ಟಿದ್ದಾರೆ. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಂದು ಹನಿ. ಜೊತೆಗೆ ಹೋಮಾಟ್ರೋಪಿನ್ ದಿನಕ್ಕೆ 3 ಸಲ. ಒಟ್ಟು ಆರು ವಾರ ಆಗಬಹುದು, ನಿಧಾನವಾಗಿ ಇಳಿಸೋಣ ಅಂದಿದ್ದಾರೆ. ಇವತ್ತಿಗೆ 7 ದಿನ ಆಯಿತು. ಕೆಂಪು ಹೆಚ್ಚುಕಡಿಮೆ ಹೋಗಿದೆ, ನೋವಿಲ್ಲ. ಮೂರು ದಿನ ಬಿಟ್ಟು ಮತ್ತೆ ಹೋಗಬೇಕು.

ನಿನ್ನೆ ಡಬ್ಬಿಯೊಳಗಿನ ಚೀಟಿ ಓದಿದೆ. ಗ್ಲಾಕೋಮಾ (ಹೆಚ್ಚಾಗಿ ಒಳಗಿನ ಪ್ರೆಷರ್ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಪೊರೆ ಬರಬಹುದು, ಸೋಂಕು ಬರಬಹುದು ಅಂತೆಲ್ಲ ಇತ್ತು. ಓದಿದ ಮೇಲೆ ನಿದ್ದೆ ಬರಲಿಲ್ಲ. ಜೊತೆಗೆ ಕೆಲಸ ಮಾಡುವವರು ‘ಸ್ಟೆರಾಯ್ಡಾ? ವಾಸಿಯಾಗಿದೆಯಲ್ಲ, ಬಿಟ್ಟುಬಿಡಿ’ ಅನ್ನುತ್ತಾರೆ. ಎಡಗಣ್ಣಲ್ಲಿ ಹತ್ತಿರದ ಅಕ್ಷರ ಮಸುಕು ಬೇರೆ. ಇದೂ ಆ ಡ್ರಾಪ್ಸ್‌ನಿಂದಲೇ ಆಗಿರೋದಾ? ಹೀಗೆ ಅನುಭವಿಸಿದವರು ಇದ್ದರೆ ದಯವಿಟ್ಟು ಹೇಳಿ.

ಹಳೇಕನ್ನಡಕ:

ರಾತ್ರಿಪಾಳಿ ಅವರೇ, ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನನಗೆ ಒಂಬತ್ತು ವರ್ಷದಲ್ಲಿ ಇದು ಐದು ಸಲ ಬಂದಿದೆ. ಎರಡನೇ ಸಲ ನೀವು ಈಗ ಯೋಚಿಸುತ್ತಿರುವುದನ್ನೇ ನಾನು ಮಾಡಿದೆ. ಹತ್ತನೇ ದಿನ ಕಣ್ಣು ಬೆಳ್ಳಗಾಯಿತು, ಡ್ರಾಪ್ಸ್ ನಿಲ್ಲಿಸಿದೆ. ಎಂಟು ದಿನ ಆರಾಮಾಗಿದ್ದೆ. ಆಮೇಲೆ ಒಂದು ರಾತ್ರಿ ನೋವು ಶುರುವಾಗಿದ್ದು ಮೊದಲ ಸಲಕ್ಕಿಂತ ಜಾಸ್ತಿ ಇತ್ತು.

ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಕಣ್ಣಿನ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡಿತ್ತು. ಡ್ರಾಪ್ಸ್ ಹಾಕಿ ಪಾಪೆ ಅಗಲಿಸಲು ಎರಡು ಗಂಟೆ ಪ್ರಯತ್ನಿಸಿದರು. ಒಂದು ಕಡೆ ಬಿಟ್ಟುಕೊಂಡಿತು, ಇನ್ನೊಂದು ಕಡೆ ಇವತ್ತಿಗೂ ಅಂಟಿಕೊಂಡೇ ಇದೆ. ಆ ಪಾಪೆ ದುಂಡಗಿಲ್ಲ. ಹತ್ತಿರದಿಂದ ನೋಡಿದವರಿಗೆ ಗೊತ್ತಾಗುತ್ತದೆ.

ಅವತ್ತು ಡಾಕ್ಟರ್ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ. ಕನ್ನಡಿಯಲ್ಲಿ ನಿಮಗೆ ಕಾಣುವುದು ಹೊರಗಿನ ಕೆಂಪು ಮಾತ್ರ. ಕಾಯಿಲೆ ಇರುವುದು ಒಳಗೆ. ಕರಿಗುಡ್ಡೆಯ (ಕಾರ್ನಿಯಾ, ಕಣ್ಣಿನ ಮುಂದಿನ ಪಾರದರ್ಶಕ ಪದರ) ಹಿಂದೆ ತಿಳಿನೀರಿನ ಒಂದು ಜಾಗ ಇದೆ. ಉರಿಯೂತ ಬಂದಾಗ ಆ ನೀರಲ್ಲಿ ಬಿಳಿ ರಕ್ತಕಣಗಳು ತೇಲುತ್ತವೆ, ಬಿಸಿಲಕೋಲಿನಲ್ಲಿ ದೂಳು ಆಡಿದ ಹಾಗೆ. ಅದು ಕಾಣುವುದು ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರದಲ್ಲಿ ಮಾತ್ರ. ಕೆಂಪು ಮೊದಲು ಹೋಗುತ್ತದೆ, ಕಣಗಳು ಎಷ್ಟೋ ದಿನ ಉಳಿದಿರುತ್ತವೆ. ಆಗ ಡ್ರಾಪ್ಸ್ ನಿಲ್ಲಿಸಿದರೆ ಉರಿಯೂತ ಮತ್ತೆ ಕೆರಳುತ್ತದೆ.

ಅಕ್ಷರ ಮಸುಕಾಗಿರುವುದು ಬಹುಶಃ ಹೋಮಾಟ್ರೋಪಿನ್‌ನಿಂದ. ನನಗೂ ಪ್ರತಿಸಲ ಹಾಗೇ ಆಗುತ್ತದೆ. ಆದರೂ ಹೋದಾಗ ಡಾಕ್ಟರಿಗೆ ಹೇಳಿ.

ಸ್ಲಿಟ್‌ಲ್ಯಾಂಪ್:

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್. ಹಳೇಕನ್ನಡಕ ಅವರು ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ.

ಹೋಮಾಟ್ರೋಪಿನ್ ಕೊಡುವುದು ಪಾಪೆ ಅಗಲವಾಗಿ ಇರಲಿ, ಮಸೂರಕ್ಕೆ ಅಂಟದಿರಲಿ ಅಂತ. ಕಣ್ಣೊಳಗೆ ಒಂದು ಸಣ್ಣ ಸ್ನಾಯು ಬಿಗಿದುಕೊಂಡು ನೋವು ಬರುತ್ತದೆ, ಅದನ್ನೂ ಈ ಹನಿ ಸಡಿಲ ಮಾಡುತ್ತದೆ. ಹತ್ತಿರ ಓದಲು ಬೇಕಾಗುವುದೂ ಅದೇ ಸ್ನಾಯು. ಅದಕ್ಕೇ ಅಕ್ಷರ ಮಸುಕು. ಆ ಡ್ರಾಪ್ಸ್ ನಿಂತ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಸರಿಹೋಗುತ್ತದೆ. ಪಾಪೆ ಅಗಲ ಇರುವಾಗ ಗಾಡಿ ಓಡಿಸಬೇಡಿ.

ಚೀಟಿಯಲ್ಲಿ ಬರೆದಿರುವುದೂ ಸುಳ್ಳಲ್ಲ. ಸ್ಟೆರಾಯ್ಡ್ ಹನಿಯಿಂದ ಕಣ್ಣಿನ ಪ್ರೆಷರ್ ಏರಬಹುದು. ಕಣ್ಣೊಳಗಿನ ನೀರು ಒಂದು ಜಾಲರಿಯ ಮೂಲಕ ಹೊರಗೆ ಹೋಗುತ್ತಿರುತ್ತದೆ. ಸ್ಟೆರಾಯ್ಡ್‌ನಿಂದ ಕೆಲವರಲ್ಲಿ ಆ ಜಾಲರಿ ಕಟ್ಟಿಕೊಂಡ ಹಾಗಾಗುತ್ತದೆ, ನೀರು ಸರಾಗವಾಗಿ ಹೋಗುವುದಿಲ್ಲ. ಸಾಮಾನ್ಯ ಪ್ರೆಷರ್ 10ರಿಂದ 21 (ಮಿ.ಮೀ. ಪಾದರಸದ ಲೆಕ್ಕದಲ್ಲಿ). ಯಾರಲ್ಲಿ ಎಷ್ಟು ಏರುತ್ತದೆ ಅಂತ 1960ರ ದಶಕದಲ್ಲೇ ಪರೀಕ್ಷಿಸಿ ನೋಡಿದ್ದರು. ನಾಲ್ಕರಿಂದ ಆರು ವಾರ ಡೆಕ್ಸಾಮೆಥಾಸೋನ್‌ನಂಥ ಹನಿ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದಿಷ್ಟು ಏರಿತು. ನೂರಕ್ಕೆ ಐದಾರು ಜನರಿಗೆ ತುಂಬಾ ಏರಿತು. ಉಳಿದವರಿಗೆ ಹೆಚ್ಚೇನೂ ಆಗಲಿಲ್ಲ. ನೀವು ಯಾವ ಗುಂಪು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಅಳೆದೇ ತಿಳಿಯಬೇಕು. ಪ್ರೆಷರ್ ಏರಿದರೆ ಸಾಮಾನ್ಯವಾಗಿ ನೋವೂ ಇರುವುದಿಲ್ಲ, ಅದೇ ಕಷ್ಟ.

ದೊಡ್ಡವರಲ್ಲಿ ಇದು ಮೂರನೇ ವಾರದ ಹೊತ್ತಿಗೆ ಕಾಣಿಸಿಕೊಳ್ಳುವುದು ಜಾಸ್ತಿ, ಕೆಲವರಿಗೆ ಅದಕ್ಕೂ ಮೊದಲೇ. ನಿಮ್ಮದು ಆರು ವಾರದ ಕೋರ್ಸ್. ಹಾಗಾಗಿ ಹೋದಾಗಲೆಲ್ಲ ‘ಪ್ರೆಷರ್ ಎಷ್ಟು ಬಂತು?’ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯಾ? ಇದ್ದರೆ ಅದನ್ನು ಮೊದಲೇ ಹೇಳಿ.

ರಾತ್ರಿಪಾಳಿ:

ಇಬ್ಬರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಗ್ಲಾಕೋಮಾ ಯಾರಿಗೂ ಇಲ್ಲ. ಡ್ರಾಪ್ಸ್ ಮುಂದುವರಿಸುತ್ತೇನೆ. ಒಂದು ಸಂದೇಹ. ನಾನು ಮಲಗುವುದು ಹಗಲು. ಆ ಏಳೆಂಟು ಗಂಟೆ ಹನಿ ಇಲ್ಲದಿದ್ದರೆ ತೊಂದರೆ ಇಲ್ವಾ?

ಸ್ಲಿಟ್‌ಲ್ಯಾಂಪ್:

ಎಚ್ಚರ ಇರುವಷ್ಟು ಹೊತ್ತು ಅಂದರೆ ನಿಮ್ಮ ಎಚ್ಚರ, ಗಡಿಯಾರದ ಹಗಲಲ್ಲ. ಎದ್ದ ತಕ್ಷಣ ಶುರು ಮಾಡಿ, ಮಲಗುವ ಮೊದಲು ಒಂದು ಹಾಕಿ. ಉರಿಯೂತ ತೀವ್ರ ಇದ್ದರೆ ಮಲಗುವಾಗ ಮುಲಾಮು ಕೊಡುವುದೂ ಉಂಟು. ನಿಮ್ಮ ಪಾಳಿಯ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಹೇಳಿ. ಅದಕ್ಕೆ ತಕ್ಕ ಹಾಗೆ ಬರೆದುಕೊಡುತ್ತಾರೆ.

ಇನ್ನೊಂದು. ಶೀಶೆ ಅಲುಗಾಡಿಸಿ ಹಾಕುತ್ತಿದ್ದೀರಾ? ಪ್ರೆಡ್ನಿಸೊಲೋನ್ ಅಸಿಟೇಟ್ ನೀರಲ್ಲಿ ಕರಗುವುದಿಲ್ಲ. ಬಿಳಿ ಪುಡಿ ತಳದಲ್ಲಿ ಕೂರುತ್ತದೆ. ಅಲುಗಾಡಿಸದೆ ಹಾಕಿದರೆ ಕಣ್ಣಿಗೆ ಬೀಳುವುದು ಹೆಚ್ಚುಪಾಲು ಬರೀ ನೀರು.

ರಾತ್ರಿಪಾಳಿ:

ಅಯ್ಯೋ, ಇಲ್ಲ. ಏಳು ದಿನದಲ್ಲಿ ಒಂದು ಸಲವೂ ಅಲುಗಾಡಿಸಿಲ್ಲ. ಈಗ ನೋಡಿದೆ, ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದೆ.

ಹಳೇಕನ್ನಡಕ:

ಚಿಂತೆ ಬೇಡ, ಇವತ್ತಿಂದ ಚೆನ್ನಾಗಿ ಅಲುಗಾಡಿಸಿ. ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡಿ. ಇಲ್ಲದಿದ್ದರೆ ಔಷಧಿ ಕೆಲಸ ಮಾಡಿಲ್ಲ ಅಂದುಕೊಂಡು ಅವರು ಇನ್ನೂ ಬಲವಾದದ್ದಕ್ಕೆ ಹೋಗಬಹುದು.

ಹಾಕುವ ರೀತಿಯನ್ನೂ ಹೇಳಿಬಿಡುತ್ತೇನೆ, ನನಗೆ ಇದನ್ನು ಯಾರೂ ಸರಿಯಾಗಿ ಹೇಳಿರಲಿಲ್ಲ. ಕೈ ತೊಳೆದುಕೊಂಡು ಕೆಳರೆಪ್ಪೆ ಎಳೆದು ಆ ಜೇಬಿನಂಥ ಜಾಗಕ್ಕೆ ಒಂದೇ ಹನಿ ಬಿಡಿ. ಎರಡು ಮೂರು ಹಾಕಿ ಪ್ರಯೋಜನವಿಲ್ಲ, ಒಂದು ಹನಿಯೇ ಪೂರ್ತಿ ಹಿಡಿಸುವುದಿಲ್ಲ, ಉಳಿದದ್ದು ಕೆನ್ನೆ ಮೇಲೆ. ಶೀಶೆ ತುದಿ ರೆಪ್ಪೆಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಹನಿ ಮೂಗಿಗೆ, ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಇನ್ನೊಂದು ಡ್ರಾಪ್ಸ್ ಹಾಕುವ ಮೊದಲು ಐದು ನಿಮಿಷವಾದರೂ ಬಿಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ವಾಸಿಯಾಗುವ ತನಕ ಮುಟ್ಟಬೇಡಿ.

ನೀಲಿಶಾಯಿ:

ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ತಾಯಿಗೆ ಪೊರೆ ಆಪರೇಷನ್ ಆಗಿತ್ತು, ಆಗ ಕೊಟ್ಟ ಡ್ರಾಪ್ಸ್ ಮನೆಯಲ್ಲಿ ಉಳಿದಿದೆ. ಆಂಟಿಬಯಾಟಿಕ್ ಮತ್ತು ಸ್ಟೆರಾಯ್ಡ್ ಸೇರಿದ್ದು. ನನ್ನ ಬಲಗಣ್ಣು ನಿನ್ನೆಯಿಂದ ಕೆಂಪಾಗಿ ಚುಚ್ಚುತ್ತಿದೆ. ಎರಡು ದಿನ ಹಾಕಿ ನೋಡಲಾ?

ಮುಳ್ಳುಬೇಲಿ:

ಬೇಡ. ಖಂಡಿತ ಬೇಡ. ನನ್ನ ಕಥೆ ಕೇಳಿ.

ಮೂರು ವರ್ಷದ ಹಿಂದೆ ಹೀಗೇ ಒಂದು ಕಣ್ಣು ಕೆಂಪಾಯಿತು, ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಮನೆಯಲ್ಲಿದ್ದ ಸ್ಟೆರಾಯ್ಡ್ ಸೇರಿದ ಡ್ರಾಪ್ಸ್ ಹಾಕಿಕೊಂಡೆ. ಮೊದಲ ದಿನ ಹಾಯ್ ಅನ್ನಿಸಿತು, ಕೆಂಪು ಕಡಿಮೆಯಾಯಿತು. ಖುಷಿಯಲ್ಲಿ ಇನ್ನೂ ಐದು ದಿನ ಹಾಕಿದೆ. ಆರನೇ ದಿನ ಆ ಕಣ್ಣಿಗೆ ಎದುರಿನವರ ಮುಖ ಕಾಣಲಿಲ್ಲ.

ಅದು ಹರ್ಪಿಸ್ ವೈರಸ್. ತುಟಿ ಮೇಲೆ ಗುಳ್ಳೆ ಏಳಿಸುತ್ತದಲ್ಲ, ಅದೇ. ಕರಿಗುಡ್ಡೆಯ ಮೇಲೆ ಕವಲೊಡೆದ ಗೀರಿನ ಥರ ಹುಣ್ಣು ಮಾಡುತ್ತದೆ. ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ ಮರದ ಕೊಂಬೆಯಂತೆ ಹೊಳೆಯುತ್ತದೆ ಅಂತ ಹೇಳಿದರು. ಸ್ಟೆರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ, ಜೊತೆಗೆ ದೇಹ ವೈರಸ್ ವಿರುದ್ಧ ಹೋರಾಡುವುದನ್ನೂ ತಗ್ಗಿಸುತ್ತದೆ. ಅದಕ್ಕೇ ನನಗೆ ಹಾಯ್ ಅನ್ನಿಸಿದ್ದು. ಒಳಗೆ ಹುಣ್ಣು ಹರಡುತ್ತಿತ್ತು. ಈಗ ಕರಿಗುಡ್ಡೆಯ ನಡುವೆ ಬಿಳಿ ಕಲೆ ಉಳಿದಿದೆ. ಕನ್ನಡಕದಿಂದ ಅದು ಸರಿಹೋಗುವುದಿಲ್ಲ.

ದಯವಿಟ್ಟು ಇವತ್ತೇ ತೋರಿಸಿ.

ಸ್ಲಿಟ್‌ಲ್ಯಾಂಪ್:

ನೀಲಿಶಾಯಿ ಅವರೇ, ನನ್ನದೂ ಅದೇ ಮಾತು. ಮೇಲಿಂದ ನೋಡಿದರೆ ಎಲ್ಲ ಕೆಂಪು ಕಣ್ಣೂ ಒಂದೇ ಥರ. ಗಿಡದ ಎಲೆಯೋ ಕಡ್ಡಿಯೋ ತಾಗಿ ಗಾಯವಾಗಿದ್ದರೆ ಶಿಲೀಂಧ್ರದ ಸೋಂಕು ಆಗಿರಬಹುದು. ಅದರಲ್ಲಿ ಸ್ಟೆರಾಯ್ಡ್ ಬಿದ್ದರೆ ಕಣ್ಣೇ ಹೋಗುವ ಅಪಾಯ ಇದೆ. ‘ಆಂಟಿಬಯಾಟಿಕ್ ಸೇರಿದೆಯಲ್ಲ’ ಅನ್ನುವ ಧೈರ್ಯ ಬೇಡ. ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧಿ ವೈರಸ್‌ಗೂ ಶಿಲೀಂಧ್ರಕ್ಕೂ ಏನೂ ಮಾಡುವುದಿಲ್ಲ. ಬ್ಯಾಕ್ಟೀರಿಯಾದ ಹುಣ್ಣಿನಲ್ಲೂ ಮೊದಲು ಆಂಟಿಬಯಾಟಿಕ್. 500 ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 48 ಗಂಟೆ ಆಂಟಿಬಯಾಟಿಕ್ ಹಾಕಿದ ಮೇಲೆ ಸ್ಟೆರಾಯ್ಡ್ ಸೇರಿಸಿದರೂ ಮೂರು ತಿಂಗಳಿಗೆ ದೃಷ್ಟಿಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ.

ಇನ್ನು ಸಾಮಾನ್ಯ ವೈರಸ್‌ನಿಂದ ಕಣ್ಣು ಬಂದಿದ್ದರೆ ಅದು ಹೆಚ್ಚಾಗಿ ಎರಡು ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಮತ್ತೆ, ಆ ಶೀಶೆ ತೆರೆದು ಎಷ್ಟು ದಿನವಾಗಿದೆ? ಸಾಮಾನ್ಯವಾಗಿ ತೆರೆದು ನಾಲ್ಕು ವಾರ ಆದ ಡ್ರಾಪ್ಸ್ ಎಸೆಯಬೇಕು.

ನೀಲಿಶಾಯಿ:

ತೆರೆದು ಐದು ತಿಂಗಳಾಗಿದೆ. ಎಸೆದೆ. ಮಧ್ಯಾಹ್ನ ತೋರಿಸುತ್ತೇನೆ.

ತಾಯಿಬೇರು:

ನಾನೂ ಒಂದು ಮಾತು ಹೇಳಬೇಕು. ಮೇಲೆ ‘ನಿಲ್ಲಿಸಬೇಡಿ, ನಿಲ್ಲಿಸಬೇಡಿ’ ಅಂತ ಓದುವಾಗ ನನಗೆ ಎದೆ ಡವಡವ ಅನ್ನುತ್ತದೆ.

ನನ್ನ ಮಗನಿಗೆ ಆರು ವರ್ಷದಿಂದ ಕಣ್ಣಿನ ಅಲರ್ಜಿ. ವರ್ನಲ್ ಅನ್ನುತ್ತಾರೆ. ಬೇಸಿಗೆ ಬಂತು ಅಂದರೆ ಕಣ್ಣು ಉಜ್ಜಿ ಉಜ್ಜಿ ಕೆಂಪು, ದಾರದ ಹಾಗೆ ಗೀಜು. ಮೊದಲ ವರ್ಷ ಡಾಕ್ಟರ್ ಎರಡು ವಾರಕ್ಕೆ ಅಂತ ಒಂದು ಸ್ಟೆರಾಯ್ಡ್ ಡ್ರಾಪ್ಸ್ ಕೊಟ್ಟರು. ಮಂತ್ರ ಹಾಕಿದ ಹಾಗೆ ವಾಸಿಯಾಯಿತು. ಮುಂದಿನ ವರ್ಷ ನಾನೇ ಹಳೇ ಚೀಟಿ ತೋರಿಸಿ ಅಂಗಡಿಯಿಂದ ತಂದೆ. ಮಗು ಕಣ್ಣು ಉಜ್ಜಿದಾಗಲೆಲ್ಲ ಒಂದು ಹನಿ. ಎರಡು ವರ್ಷ ಹೀಗೇ ನಡೆಯಿತು. ಯಾರೂ ಪ್ರೆಷರ್ ನೋಡಲಿಲ್ಲ, ಯಾಕೆಂದರೆ ನಾನು ತೋರಿಸಲೇ ಇಲ್ಲ.

ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡಿದಾಗ ಅನುಮಾನ ಬಂತು. ಪ್ರೆಷರ್ 38 ಇತ್ತು. ಕಣ್ಣಿನ ನರಕ್ಕೆ ಆಗಲೇ ಪೆಟ್ಟಾಗಿತ್ತು. ಪಕ್ಕದಿಂದ ಬರುವುದು ಅವನಿಗೆ ಕಾಣುತ್ತಿರಲಿಲ್ಲ. ಚಿಕ್ಕವನಲ್ವಾ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿದ್ದ. ಮಸೂರದ ಹಿಂಬದಿಗೆ ಪೊರೆಯೂ ಶುರುವಾಗಿತ್ತು.

ಈಗ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಹಾಕುತ್ತೇವೆ, ಅದು ಸ್ಟೆರಾಯ್ಡ್ ಅಲ್ಲ. ಟ್ಯಾಕ್ರೊಲಿಮಸ್ ಮುಲಾಮೂ ಇದೆ. ಪ್ರೆಷರ್ ಹತೋಟಿಯಲ್ಲಿದೆ. ಹೋದ ನರ ಮಾತ್ರ ವಾಪಸ್ ಬರುವುದಿಲ್ಲ. ಪ್ರತಿ ದಿನ ಅವನು ರಸ್ತೆ ದಾಟುವಾಗ ನಾನು ಉಸಿರು ಹಿಡಿದು ನಿಲ್ಲುತ್ತೇನೆ. ಅದಕ್ಕೇ ಹೇಳುವುದು, ಈ ಔಷಧಿಗೆ ಭಯ ಇರಬೇಕು.

ಹಳೇಕನ್ನಡಕ:

ತಾಯಿಬೇರು ಅವರೇ, ಓದಿ ಕಣ್ಣು ತುಂಬಿತು. ನಿಮ್ಮ ಮಾತನ್ನು ನಾನು ಅಲ್ಲಗಳೆಯುತ್ತಿಲ್ಲ. ನಾನು ಹೆದರಿ ಡ್ರಾಪ್ಸ್ ನಿಲ್ಲಿಸಿದೆ, ಪಾಪೆ ಅಂಟಿಕೊಂಡಿತು. ನಿಮ್ಮ ಮನೆಯಲ್ಲಿ ಹೆದರಿಕೆ ಇಲ್ಲದೆ ಹಾಕಿದ್ದಕ್ಕೆ ಹೀಗಾಯಿತು. ಇಬ್ಬರದೂ ತಪ್ಪು ಒಂದೇ ಅನ್ನಿಸುತ್ತದೆ. ಒಳಗೆ ಏನಾಗುತ್ತಿದೆ ಅಂತ ನೋಡುವವರನ್ನು ಬಿಟ್ಟು ನಾವೇ ನಿರ್ಧಾರ ಮಾಡಿದೆವು. ನಾನು ಬಿಡುವ ನಿರ್ಧಾರ ಮಾಡಿದೆ, ನೀವು ಹಾಕುವ ನಿರ್ಧಾರ ಮಾಡಿದಿರಿ.

ಸ್ಲಿಟ್‌ಲ್ಯಾಂಪ್:

ತಾಯಿಬೇರು ಅವರೇ, ನಿಮ್ಮನ್ನು ನೀವೇ ಅಷ್ಟು ಹಳಿದುಕೊಳ್ಳಬೇಡಿ. ಎರಡು ವಾರದ ನಂತರ ಇದನ್ನು ಹಾಕಬಾರದು, ಯಾಕೆ ಹಾಕಬಾರದು ಅಂತ ನಿಮಗೆ ಕೂರಿಸಿ ಹೇಳಬೇಕಿತ್ತು. ಮಕ್ಕಳಲ್ಲಿ ಪ್ರೆಷರ್ ದೊಡ್ಡವರಿಗಿಂತ ಬೇಗ ಏರಬಹುದು, ಜಾಸ್ತಿಯೂ ಏರಬಹುದು.

ಎಲ್ಲ ಸ್ಟೆರಾಯ್ಡ್ ಹನಿಗಳೂ ಒಂದೇ ಅಲ್ಲ, ಇದು ಎಲ್ಲರಿಗೂ ಗೊತ್ತಿರಲಿ. ಡೈಫ್ಲುಪ್ರೆಡ್ನೇಟ್ 0.05%, ಪ್ರೆಡ್ನಿಸೊಲೋನ್ ಅಸಿಟೇಟ್ 1%, ಡೆಕ್ಸಾಮೆಥಾಸೋನ್ 0.1% ಬಲವಾದವು, ಪ್ರೆಷರನ್ನೂ ಹೆಚ್ಚು ಏರಿಸಬಲ್ಲವು. ಫ್ಲೋರೊಮೆಥೊಲೋನ್ ಮತ್ತು ಲೋಟೆಪ್ರೆಡ್ನಾಲ್ ಸೌಮ್ಯ. ಲೋಟೆಪ್ರೆಡ್ನಾಲ್ ತನ್ನ ಕೆಲಸ ಮಾಡಿ ಕಣ್ಣಲ್ಲೇ ಬೇಗ ಒಡೆದುಹೋಗುವ ಹಾಗೆ ತಯಾರಿಸಿದ್ದು. ಆದರೆ ಸೌಮ್ಯ ಅಂದರೆ ಅಪಾಯವೇ ಇಲ್ಲ ಅಂತಲ್ಲ. ತೀವ್ರವಾದ ಐರೈಟಿಸ್‌ಗೆ ಮೊದಲಲ್ಲೇ ಸೌಮ್ಯದ್ದು ಸಾಕಾಗುವುದೂ ಇಲ್ಲ. ಕಣ್ಣಿನ ಹಿಂಭಾಗದ ಉರಿಯೂತಕ್ಕಂತೂ ಯಾವ ಹನಿಯೂ ಸರಿಯಾಗಿ ತಲುಪುವುದಿಲ್ಲ. ಅದಕ್ಕೆ ಇಂಜೆಕ್ಷನ್, ಮಾತ್ರೆ, ಕಣ್ಣೊಳಗೆ ಇಡುವ ಇಂಪ್ಲಾಂಟ್ ಬೇರೆ ಇವೆ.

ಮುಳ್ಳುಬೇಲಿ ಅವರ ವಿಷಯಕ್ಕೂ ಒಂದು ಮಾತು. ಅದೇ ಹರ್ಪಿಸ್ ಕರಿಗುಡ್ಡೆಯ ಒಳಪದರಕ್ಕೆ ಇಳಿದು ಉರಿಯೂತ ಮಾಡಿದರೆ, ವೈರಸ್ ಔಷಧಿಯ ಜೊತೆಗೆ ಸ್ಟೆರಾಯ್ಡ್ ಕೊಡುವುದುಂಟು, ಅದರಿಂದ ಒಳ್ಳೆಯದೂ ಆಗುತ್ತದೆ. ಮೇಲ್ಪದರದ ಹುಣ್ಣಿಗೆ ವಿಷ, ಒಳಪದರದ ಉರಿಗೆ ಔಷಧಿ. ಯಾವ ಪದರ ಅಂತ ಹೇಳಬೇಕಾದವರು ಯಂತ್ರದ ಹಿಂದೆ ಕೂತವರು.

ನೀಲಿಶಾಯಿ:

ತೋರಿಸಿಕೊಂಡು ಬಂದೆ. ರೆಪ್ಪೆಯ ಕೆಳಗೆ ಕಬ್ಬಿಣದ ಸಣ್ಣ ಚೂರು ಸಿಕ್ಕಿಕೊಂಡಿತ್ತು. ತೆಗೆದರು. ಕರಿಗುಡ್ಡೆ ಮೇಲೆ ಗೀರು ಇದೆ, ಬರೀ ಆಂಟಿಬಯಾಟಿಕ್ ಕೊಟ್ಟಿದ್ದಾರೆ. ಸ್ಟೆರಾಯ್ಡ್ ಹಾಕಿದ್ದರೆ ಗೀರು ಮಾಯುವುದು ನಿಧಾನವಾಗುತ್ತಿತ್ತು ಅಂದರು. ಎಲ್ಲರಿಗೂ ಋಣಿ.

ರಾತ್ರಿಪಾಳಿ:

ಇವತ್ತು ಹೋಗಿ ಬಂದೆ. ಕಣ್ಣು ಪೂರ್ತಿ ಬೆಳ್ಳಗಿದ್ದರೂ ಒಳಗೆ ಕಣಗಳು ಇನ್ನೂ ಇವೆ. ಕಣಗಳು ಎಷ್ಟಿವೆ ಅನ್ನುವ ಅಳತೆ ಮೊದಲು 3+ ಇತ್ತು, ಈಗ 1+ ಅಂತೆ. ಹಳೇಕನ್ನಡಕ ಅವರು ಹೇಳಿದ್ದು ಅಕ್ಷರ ಅಕ್ಷರ ನಿಜ. ಪ್ರೆಷರ್ ಬಲಕ್ಕೆ 15, ಎಡಕ್ಕೆ 17. ಶೀಶೆ ಅಲುಗಾಡಿಸದೆ ಇದ್ದದ್ದನ್ನೂ ಹೇಳಿದೆ. ಬೈಯಲಿಲ್ಲ. ಈಗ ಎರಡು ಗಂಟೆಗೊಂದು ಹನಿ, ಆಮೇಲೆ ವಾರ ವಾರ ಇಳಿಸುವುದು.

ಇನ್ನೊಂದು ವಿಷಯ ಕೇಳಿದರು, ನನಗೆ ಆಶ್ಚರ್ಯ ಆಯಿತು. ಎದ್ದಾಗ ಸೊಂಟ ಹಿಡಿದುಕೊಳ್ಳುತ್ತದಾ, ಓಡಾಡಿದ ಮೇಲೆ ಸಡಿಲವಾಗುತ್ತದಾ ಅಂತ. ಹೌದು, ಎರಡು ವರ್ಷದಿಂದ! ಕೆಲಸದ ಆಯಾಸ ಅಂದುಕೊಂಡಿದ್ದೆ. ಎಚ್‌ಎಲ್‌ಎ ಬಿ27 ಅನ್ನುವ ಜೀನ್ ಇದೆಯಾ ಅಂತ ನೋಡುವ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ಎದೆಯ ಎಕ್ಸ್‌ರೇ ಕೂಡ.

ಹಳೇಕನ್ನಡಕ:

ನನಗೂ ಅದೇ ಪಾಸಿಟಿವ್. ದಿಢೀರನೆ ಬರುವ ಈ ಥರದ ಐರೈಟಿಸ್‌ನಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇರುತ್ತದಂತೆ. ಆ ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಆದರೆ ಸೊಂಟದ ವಿಷಯವನ್ನು ಕೀಲಿನ ಡಾಕ್ಟರಿಗೆ ತೋರಿಸಿ. ನನಗೆ ಬೆನ್ನುಮೂಳೆಯ ಉರಿಯೂತ ಇದೆ ಅಂತ ಗೊತ್ತಾಗಿದ್ದೇ ಕಣ್ಣಿನ ಡಾಕ್ಟರಿಂದ.

ರಾತ್ರಿಪಾಳಿ:

ನಾಲ್ಕನೇ ವಾರ. ಬಿ27 ಪಾಸಿಟಿವ್, ಕೀಲಿನ ಡಾಕ್ಟರ್ ಭೇಟಿ ಮುಂದಿನ ತಿಂಗಳು. ಆದರೆ ಇವತ್ತು ಎಡಗಣ್ಣಿನ ಪ್ರೆಷರ್ 27 ಬಂದಿದೆ. ಮೂರರಲ್ಲಿ ಒಬ್ಬ ನಾನೇ. ನನಗೆ ಏನೂ ಗೊತ್ತೇ ಆಗಿರಲಿಲ್ಲ. ನೋವಿಲ್ಲ, ಮಸುಕಿಲ್ಲ. ಅಳೆಯದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಸ್ಟೆರಾಯ್ಡನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಪ್ರೆಡ್ನಿಸೊಲೋನ್ ಬದಲು ಲೋಟೆಪ್ರೆಡ್ನಾಲ್ ಕೊಟ್ಟರು, ಪ್ರೆಷರ್ ಇಳಿಸಲು ಟಿಮೊಲೋಲ್. ಅದನ್ನು ಬರೆಯುವ ಮೊದಲು ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ ಅಂತ ಎರಡೆರಡು ಸಲ ಕೇಳಿದರು. ವಾರ ಬಿಟ್ಟು ಮತ್ತೆ ಅಳೆಯಬೇಕು.

ತಾಯಿಬೇರು:

ಓದಿ ಗಾಬರಿಯಾಯಿತು, ಆಮೇಲೆ ಸಮಾಧಾನ ಆಯಿತು. ನಾಲ್ಕನೇ ವಾರಕ್ಕೇ ಸಿಕ್ಕಿತಲ್ಲ. ನಮಗೆ ಸಿಕ್ಕಿದ್ದು ಎರಡು ವರ್ಷಕ್ಕೆ. ವಾರದ ಪರೀಕ್ಷೆ ತಪ್ಪಿಸಬೇಡಿ.

ಸ್ಲಿಟ್‌ಲ್ಯಾಂಪ್:

ನಾಲ್ಕು ವಾರ ಮಾತ್ರ ಆಗಿದೆ, ಹನಿಯೂ ಇಳಿಯುತ್ತಿದೆ. ಇಂಥ ಏರಿಕೆ ಸ್ಟೆರಾಯ್ಡ್ ನಿಂತ ಮೇಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಒಂದು ಮುಖ್ಯವಾದ ಮಾತು. ನಿಮಗೆ ಸ್ಟೆರಾಯ್ಡ್‌ಗೆ ಪ್ರೆಷರ್ ಏರುತ್ತದೆ ಅನ್ನುವುದು ಇನ್ನು ಮುಂದೆ ನಿಮ್ಮ ಫೈಲಿನ ಮೊದಲ ಪುಟದಲ್ಲಿ ಇರಲಿ. ಚರ್ಮಕ್ಕೋ ಉಸಿರಾಟಕ್ಕೋ ಸ್ಟೆರಾಯ್ಡ್ ಕೊಟ್ಟರೂ ಆ ಡಾಕ್ಟರಿಗೆ ಹೇಳಿ. ಮುಂದಿನ ಸಲ ಐರೈಟಿಸ್ ಬಂದರೆ ಕಣ್ಣಿನ ಡಾಕ್ಟರಿಗೂ ಮೊದಲ ದಿನವೇ ಹೇಳಿ. ಆಗ ಅವರು ಪ್ರೆಷರನ್ನು ಇನ್ನೂ ಬೇಗ ಬೇಗ ನೋಡುತ್ತಾರೆ.

ರಾತ್ರಿಪಾಳಿ:

ಎಂಟು ವಾರ ಹಿಡಿಯಿತು. ನಿನ್ನೆ ಮಲಗುವ ಮೊದಲು ಕೊನೆಯ ಹನಿ ಹಾಕಿದೆ. ಕಣಗಳು ಸೊನ್ನೆ. ಪ್ರೆಷರ್ 18, ಟಿಮೊಲೋಲ್ ಇನ್ನೂ ಎರಡು ವಾರ ಇರಲಿ ಅಂದರು. ಪಾಪೆ ದುಂಡಗಿದೆ, ಡಾಕ್ಟರ್ ಕೇಳಿದ ಮೇಲೆ ನಾನೂ ಕನ್ನಡಿಯಲ್ಲಿ ನೋಡಿಕೊಂಡೆ. ಉಳಿದ ಶೀಶೆಗಳನ್ನು ಎಸೆದೆ, ಹೆಸರುಗಳನ್ನೂ ಪ್ರೆಷರ್ ಅಂಕಿಗಳನ್ನೂ ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಅಂಟಿಸಿದೆ.

ಮತ್ತೆ ಕಣ್ಣು ಬೆಳಕಿಗೆ ನೋಯಲು ಶುರುವಾದರೆ ಕಾಯದೆ ಅದೇ ದಿನ ಬನ್ನಿ ಅಂದಿದ್ದಾರೆ. ರಾತ್ರಿ ಪಾಳಿಯಲ್ಲಿ ಇದ್ದರೂ ಬರಬೇಕಾ ಅಂತ ಕೇಳಿದೆ. ಬನ್ನಿ ಅಂದರು.